ಓದುಗರ ಪ್ರಶ್ನೆ: ಗ್ರಂಥಾಲಯಕ್ಕೆ ಲೇಖಕರು ಬಂದಾಗ

ವಿಶ್ವವಿದ್ಯಾಲಯದ ಗ್ರಂಥಾಲಯಗಳು ನಡೆಸುವ ಲೇಖಕರ ಮಾತುಕತೆ, ಸಾರ್ವಜನಿಕ ಉಪನ್ಯಾಸಗಳ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಏಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಕಲಾಮಂದಿರದ ಸಮಾರಂಭಕ್ಕಿಲ್ಲದ ಒಂದು ಅನುಕೂಲ ಗ್ರಂಥಾಲಯಕ್ಕಿದೆ: ಮಾತಾಡುತ್ತಿರುವುದು ಯಾವ ಪುಸ್ತಕದ ಬಗ್ಗೆಯೋ ಆ ಪುಸ್ತಕ ಹತ್ತು ಹೆಜ್ಜೆ ದೂರದ ಕಪಾಟಿನಲ್ಲಿರುತ್ತದೆ. ಆ ಅನುಕೂಲವನ್ನು ಕೈಬಿಡದೆ ಕಾರ್ಯಕ್ರಮ ಮಾಡುವುದು ಹೇಗೆ ಎಂಬುದೇ ಇಲ್ಲಿನ ಉತ್ತರಗಳ ಹುರುಳು.

ಕಳೆದ ವರ್ಷ ನಮ್ಮ ವಿಭಾಗ ಮತ್ತು ಗ್ರಂಥಾಲಯ ಸೇರಿ ಒಬ್ಬ ಕಥೆಗಾರ್ತಿಯನ್ನು ಕರೆಸಿದ್ದೆವು. ಒಂದೂವರೆ ಗಂಟೆಯ ಕಾರ್ಯಕ್ರಮದಲ್ಲಿ ಅವರಿಗೆ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಸಂವಾದ ನಡೆಯಲೇ ಇಲ್ಲ. ಎಲ್ಲಿ ತಪ್ಪಿದೆವು?
— ಸಂಶೋಧನಾ ವಿದ್ಯಾರ್ಥಿನಿ, ಬಳ್ಳಾರಿ

ತಪ್ಪಿದ್ದು ಆಹ್ವಾನ ಪತ್ರಿಕೆಯಲ್ಲಿ. ರೂಢಿಯ ವೇದಿಕೆ ಕಾರ್ಯಕ್ರಮದ ಲೆಕ್ಕ ಹಾಕಿ ನೋಡಿ: ಪ್ರಾರ್ಥನೆ 4 ನಿಮಿಷ, ಸ್ವಾಗತ 6, ಪ್ರಾಸ್ತಾವಿಕ 10, ದೀಪ ಬೆಳಗಿಸುವುದು 5, ಸನ್ಮಾನ 8, ಮುಖ್ಯ ಅತಿಥಿಗಳ ಮಾತು 15, ಅಧ್ಯಕ್ಷೀಯ ನುಡಿ 15, ವಂದನಾರ್ಪಣೆ 5. ಒಟ್ಟು 68 ನಿಮಿಷ. ತೊಂಬತ್ತರಲ್ಲಿ ಉಳಿದದ್ದು 22. ಯಾರೂ ಹೆಚ್ಚು ಮಾತಾಡಿಲ್ಲ, ಎಲ್ಲರೂ ತಮ್ಮ ಪಾಲಿನಷ್ಟೇ ಮಾತಾಡಿದ್ದಾರೆ, ಆದರೂ ದೂರದಿಂದ ಬಂದವರಿಗೆ ಸಮಯವಿಲ್ಲ. ಪತ್ರಿಕೆಯಲ್ಲಿ ಹೆಸರು ಅಚ್ಚಾದವರೆಲ್ಲ ಮಾತಾಡಲೇಬೇಕು ಎಂಬುದು ನಮ್ಮ ಕಡೆಯ ಅಲಿಖಿತ ನಿಯಮ. ಆದ್ದರಿಂದ ಮಾತಾಡಬೇಕಾದವರ ಹೆಸರನ್ನಷ್ಟೇ ಅಚ್ಚು ಹಾಕಿಸಿ. ಉಳಿದ ಗಣ್ಯರಿಗೆ ಮುಂದಿನ ಸಾಲಿನಲ್ಲಿ ಆಸನ, ಪ್ರತ್ಯೇಕ ಆಹ್ವಾನದ ಪತ್ರ.

ಗ್ರಂಥಾಲಯದ ಮಾತುಕತೆಗೆ ಹೊಂದುವ ಕ್ರಮ ಹೀಗಿರಲಿ. ಸ್ವಾಗತ ಮತ್ತು ಲೇಖಕರ ಪರಿಚಯ ಎರಡನ್ನೂ ಒಬ್ಬರೇ 5 ನಿಮಿಷದಲ್ಲಿ ಮುಗಿಸುವುದು. ಲೇಖಕರಿಗೆ 40 ನಿಮಿಷ. ಅದರಲ್ಲಿ ಹತ್ತು ನಿಮಿಷ ತಮ್ಮ ಪುಸ್ತಕದಿಂದಲೇ ಓದುವುದು. ಡೆಮಿ ಅಳತೆಯ (ಸಾಮಾನ್ಯ ಕಾದಂಬರಿಯ ಗಾತ್ರದ) ಒಂದು ಪುಟವನ್ನು ಗಟ್ಟಿಯಾಗಿ ಓದಲು ಎರಡರಿಂದ ಎರಡೂವರೆ ನಿಮಿಷ ಬೇಕು, ಹಾಗಾಗಿ ನಾಲ್ಕು ಪುಟ ಸಾಕು ಎಂದು ಮೊದಲೇ ತಿಳಿಸಿ. ಸಂವಾದಕ್ಕೆ 35 ನಿಮಿಷ. ವಂದನೆ, ಪುಸ್ತಕದ ಕಾಣಿಕೆ 5 ನಿಮಿಷ. ಕುಲಪತಿಗಳೋ ಕುಲಸಚಿವರೋ ಬರುವುದಾದರೆ ಅವರ ನಾಲ್ಕು ಮಾತು ಆರಂಭದಲ್ಲೇ ಆಗಿಬಿಡಲಿ. ಕೊನೆಗೆ ಇಟ್ಟರೆ ಅವರಿಗೆ ಬೇರೆ ಸಭೆಯ ಕರೆ ಬರುತ್ತದೆ, ಅವರು ಎದ್ದರೆ ಅವರೊಂದಿಗೆ ಎರಡು ಸಾಲು ಎದ್ದು ಹೋಗುತ್ತದೆ.

ಸನ್ಮಾನ ಬೇಡವೆಂದಲ್ಲ, ಅದನ್ನು ಕೊನೆಗೆ ಇಡಿ. ಇದಕ್ಕೆ ಯಂತ್ರದ ಕಾರಣವೂ ಒಂದಿದೆ. ಶಾಲು ಹೊದಿಸಿ, ಹಾರ ಹಾಕಿದ ಮೇಲೆ ಲೇಖಕರು ಸಂಕೋಚಕ್ಕೆ ಶಾಲನ್ನು ಹೆಗಲ ಮೇಲೇ ಇಟ್ಟುಕೊಂಡು ಮಾತಿಗೆ ನಿಲ್ಲುತ್ತಾರೆ. ಕಾಲರ್ ಮೈಕು ಆ ಜರಿಯಂಚಿನ ಕೆಳಗೆ ಸೇರಿಕೊಳ್ಳುತ್ತದೆ. ಅವರು ಕೈಯಾಡಿಸಿದಾಗಲೆಲ್ಲ ಸಭಾಂಗಣಕ್ಕೆ ಕೇಳುವುದು ಜರಿ ಉಜ್ಜುವ ಸರಸರ ಸದ್ದು. ರೆಕಾರ್ಡಿಂಗಿನಲ್ಲಿ ಆ ಸದ್ದನ್ನು ಆಮೇಲೆ ತೆಗೆಯುವುದು ಕಷ್ಟ. ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ, ಎದೆಯ ಮಧ್ಯಕ್ಕೆ ಸಿಕ್ಕಿಸಿ. ಸೀರೆಯಾದರೆ ಸೆರಗಿನ ಒಳಮಗ್ಗುಲಿಗಲ್ಲ, ಹೊರ ಅಂಚಿಗೆ. ಸಿಕ್ಕಿಸಿದ ಮೇಲೆ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಒಂದೆರಡು ಮಾತಾಡಲು ಹೇಳಿ. ಸರವೋ ಕನ್ನಡಕದ ದಾರವೋ ತಾಗುತ್ತಿದ್ದರೆ ಆಗಲೇ ಗೊತ್ತಾಗುತ್ತದೆ.

ದೊಡ್ಡ ಹೆಸರಿನವರನ್ನು ಕರೆಸಿದರೂ ಕುರ್ಚಿಗಳು ಖಾಲಿ. ಕಡ್ಡಾಯ ಮಾಡಿದರೆ ಮಕ್ಕಳು ಬಂದು ಮೊಬೈಲ್ ನೋಡುತ್ತ ಕೂರುತ್ತಾರೆ. ಏನು ಮಾಡುವುದು?
— ಪದವಿ ಕಾಲೇಜಿನ ಗ್ರಂಥಪಾಲಕರು, ಸಿರುಗುಪ್ಪ

ಮೊದಲು ಬಸ್ಸಿನ ವೇಳಾಪಟ್ಟಿ ನೋಡಿ. ಬಳ್ಳಾರಿಯ ವಿಶ್ವವಿದ್ಯಾಲಯಕ್ಕೆ ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ಕಡೆಯಿಂದ ಪಾಸಿನಲ್ಲಿ ಬಂದು ಹೋಗುವ ವಿದ್ಯಾರ್ಥಿಗಳಿಗೆ ಸಂಜೆ ಐದೂವರೆಯ ಉಪನ್ಯಾಸ ಎಂದರೆ ಊರಿನ ಬಸ್ಸು ತಪ್ಪಿದಂತೆ. ಹೆಣ್ಣುಮಕ್ಕಳಂತೂ ಬರುವುದೇ ಇಲ್ಲ. ಅತ್ತ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಊರಿನ ಸಾರ್ವಜನಿಕರು, ನೌಕರರು ಬರಲಾರರು. ಒಂದೇ ಹೊತ್ತಿನಲ್ಲಿ ಇಬ್ಬರನ್ನೂ ಹಿಡಿಯಲು ಹೋಗಿ ಇಬ್ಬರನ್ನೂ ಕಳೆದುಕೊಳ್ಳುತ್ತೇವೆ. ದೂರದಿಂದ ಬಂದ ಲೇಖಕರು ಹೇಗೂ ಇಡೀ ದಿನ ಇರುತ್ತಾರೆ. ಬೆಳಿಗ್ಗೆ 11.30ಕ್ಕೆ ವಿದ್ಯಾರ್ಥಿಗಳೊಂದಿಗೆ ಒಂದು ಗಂಟೆಯ ಸಂವಾದ, ಸಂಜೆ 5.30ಕ್ಕೆ ಎಲ್ಲರಿಗೂ ಉಪನ್ಯಾಸ ಎಂದು ಎರಡಾಗಿ ಒಡೆಯಿರಿ. ನಡುವೆ ಊಟ, ವಿಶ್ರಾಂತಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವ ಮಧ್ಯಾಹ್ನಗಳಲ್ಲಿ ಯಾವ ಕಾರ್ಯಕ್ರಮವೂ ಬೇಡ.

ತಿಂಗಳನ್ನೂ ಯೋಚಿಸಿ ಆರಿಸಿ. ನವೆಂಬರ್‌ನಲ್ಲಿ ರಾಜ್ಯೋತ್ಸವವೂ ಇದೆ, 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹವೂ ಇದೆ. ಎಲ್ಲರೂ ಆಗಲೇ ಕರೆಯುತ್ತಾರೆ, ಲೇಖಕರಿಗೂ ಕೇಳುಗರಿಗೂ ಅದು ದಣಿವಿನ ತಿಂಗಳು. ಗ್ರಂಥಪಾಲಕರ ದಿನವಾದ ಆಗಸ್ಟ್ 12ರ ಆಸುಪಾಸು, ಇಲ್ಲವೇ ಸೆಮಿಸ್ಟರ್ ಶುರುವಾದ ಎರಡನೇ ತಿಂಗಳು ಒಳ್ಳೆಯದು.

ಇನ್ನು ಕಡ್ಡಾಯ ಹಾಜರಿಯ ವಿಷಯ. ಅದು ಕುರ್ಚಿ ತುಂಬಿಸುತ್ತದೆ, ಅಷ್ಟೇ. ಓದದೆ ಬಂದವರಿಗೆ ಲೇಖಕರ ಮಾತಿನಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮೂರು ವಾರ ಮುಂಚೆ ಆ ಲೇಖಕರ ಒಂದು ಪುಸ್ತಕದ ಐದಾರು ಪ್ರತಿಗಳನ್ನು ಹೊರಗಿನ ಮೇಜಿನ ಮೇಲೆ ಇಟ್ಟು, 15 ದಿನದ ಸಾಲದ ಬದಲು 3 ದಿನದ ಸಾಲಕ್ಕೆ ಕೊಡಿ. ಐದು ಪ್ರತಿಗಳು ಮೂರು ದಿನಕ್ಕೊಮ್ಮೆ ಕೈ ಬದಲಿಸಿದರೂ ಮೂರು ವಾರದಲ್ಲಿ ಮೂವತ್ತು ಮಂದಿಗೆ ತಲುಪುತ್ತವೆ. ಇಡೀ ಪುಸ್ತಕವನ್ನು ಝೆರಾಕ್ಸ್ ಮಾಡಿ ಹಂಚಬೇಡಿ. ಒಂದು ಕಥೆಯನ್ನೋ ಅಧ್ಯಾಯವನ್ನೋ ಹಂಚಲು ಲೇಖಕರನ್ನೂ ಪ್ರಕಾಶಕರನ್ನೂ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕಾರ್ಯಕ್ರಮಕ್ಕೆ ಒಂದು ವಾರ ಇರುವಾಗ ಓದಿದವರನ್ನು ಕೂರಿಸಿ, ಪ್ರತಿಯೊಬ್ಬರಿಂದ ಒಂದು ಪ್ರಶ್ನೆ ಬರೆಸಿಕೊಳ್ಳಿ. ಓದಿ ಬಂದ ಮೂವತ್ತು ಮಂದಿಯ ಸಭೆ, ಕರೆತಂದ ಮುನ್ನೂರು ಮಂದಿಯ ಸಭೆಗಿಂತ ಮೇಲು ಎಂಬುದನ್ನು ನಿಮ್ಮ ಪ್ರಾಂಶುಪಾಲರಿಗೆ ಧೈರ್ಯವಾಗಿ ಹೇಳಿ.

ಕುರ್ಚಿ ಹಾಕಿಸುವಾಗ ನಿರೀಕ್ಷೆಗಿಂತ ಕಡಿಮೆಯೇ ಹಾಕಿಸಿ, ಬಂದಂತೆ ಸೇರಿಸಿ. ಇನ್ನೂರು ಕುರ್ಚಿಯಲ್ಲಿ ಚದುರಿದ ಅರವತ್ತು ಮಂದಿ ಖಾಲಿ ಸಭೆಯಂತೆ ಕಾಣುತ್ತಾರೆ. ಎಪ್ಪತ್ತು ಕುರ್ಚಿಯಲ್ಲಾದರೆ ಅದೇ ಅರವತ್ತು ಮಂದಿ ತುಂಬಿದ ಸಭೆ.

ಮೈಕು ಕುಂಯ್ ಎನ್ನುವುದು, ಮಾತು ಗೊಳಗೊಳ ಎಂದು ಕೇಳುವುದು, ನಡುವೆ ಕರೆಂಟ್ ಹೋಗುವುದು: ಪ್ರತಿ ಕಾರ್ಯಕ್ರಮದಲ್ಲೂ ಇದೇ ಗೋಳು. ಯೂಟ್ಯೂಬ್ ನೇರಪ್ರಸಾರವೂ ಕೈಕೊಟ್ಟಿದೆ.
— ಗ್ರಂಥಾಲಯ ಸಹಾಯಕರು, ರಾಯಚೂರು

ನಾಲ್ಕು ತೊಂದರೆಗಳಿಗೆ ನಾಲ್ಕು ಬೇರೆ ಬೇರೆ ಕಾರಣಗಳಿವೆ.

ಕುಂಯ್ ಎಂಬ ಕೂಗು ಬರುವುದು ಸ್ಪೀಕರ್ ಡಬ್ಬಿಯ ಸದ್ದು ಮತ್ತೆ ಮೈಕಿನೊಳಗೆ ಹೋಗಿ ಸುತ್ತುವುದರಿಂದ. ಡಬ್ಬಿಗಳು ಭಾಷಣಕಾರರಿಗಿಂತ ಒಂದೆರಡು ಮೀಟರ್ ಮುಂದೆ, ಸಭಿಕರ ಕಡೆ ಮುಖ ಮಾಡಿ ಇರಬೇಕು. ಕೈಮೈಕು ಬಾಯಿಗೆ ನಾಲ್ಕು ಬೆರಳಿನಷ್ಟು ಹತ್ತಿರವಿದ್ದರೆ ಆಂಪ್ಲಿಫೈಯರಿನ ಸದ್ದನ್ನು ಅರ್ಧಕ್ಕೆ ಇಳಿಸಬಹುದು, ಕೂಗು ತಾನಾಗಿ ನಿಲ್ಲುತ್ತದೆ. ಕೇಳಿಸುತ್ತಿಲ್ಲ ಎಂದಾಗ ಸದ್ದು ಏರಿಸುವ ಬದಲು ಮೈಕನ್ನು ಹತ್ತಿರ ತರುವುದು ಸರಿಯಾದ ಕ್ರಮ.

ಗೊಳಗೊಳ ಕೇಳುವುದು ಕೋಣೆಯ ದೋಷ. ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ ಇದ್ದಲ್ಲಿ ಸದ್ದು ಗೋಡೆಗೆ ಬಡಿದು ತಡವಾಗಿ ಮರಳಿ ಮಾತಿನ ಮೇಲೆ ಮಾತು ಬೀಳುತ್ತದೆ. ಖಾಲಿ ಕೋಣೆಯಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ: ಸದ್ದು ಕೂಡಲೇ ಸಾಯದೆ ಎಳೆದರೆ ಅಲ್ಲಿ ದಪ್ಪ ಪರದೆ ಬೇಕು, ಅಥವಾ ಪುಸ್ತಕ ತುಂಬಿದ ಕಪಾಟುಗಳಿರುವ ಕಡೆಗೆ ಜಾಗ ಬದಲಿಸಬೇಕು. ಪುಸ್ತಕದ ಸಾಲುಗಳು ಸದ್ದನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ಮುಂದೆ ಒಂದು ದೊಡ್ಡ ಡಬ್ಬಿ ಕೂಗಿಸುವುದಕ್ಕಿಂತ ಮುಂದೆ ಒಂದು, ನಡುವೆ ಒಂದು ಸಣ್ಣ ಡಬ್ಬಿ ಮೆಲ್ಲಗೆ ಮಾತಾಡುವುದು ಲೇಸು. ಪೋಡಿಯಂ ಫ್ಯಾನಿನ ನೇರ ಕೆಳಗೆ ಬೇಡ. ಗಾಳಿ ಮೈಕಿಗೆ ಬಡಿದು ಬುಸ್ ಎನ್ನುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಆರಿಸಲಾಗದು, ಆದ್ದರಿಂದ ಮೈಕಿಗೆ ಸ್ಪಂಜಿನ ಟೊಪ್ಪಿಗೆ ಇರಲೇಬೇಕು. ಕಾರ್ಡ್‌ಲೆಸ್ ಮೈಕಿಗೆ ಪ್ರತಿ ಕಾರ್ಯಕ್ರಮಕ್ಕೂ ಹೊಸ ಸೆಲ್ ಹಾಕಿ, ವೈರಿನ ಮೈಕೊಂದನ್ನು ಪಕ್ಕದಲ್ಲಿ ಸಿದ್ಧವಿಡಿ.

ಕರೆಂಟಿನ ವಿಷಯ ಸುಲಭ. ಆಂಪ್ಲಿಫೈಯರ್, ಲ್ಯಾಪ್‌ಟಾಪ್, ರೂಟರ್ ಮೂರನ್ನು ಮಾತ್ರ ಯುಪಿಎಸ್‌ಗೆ ಜೋಡಿಸಿ. ಎಲ್ಲ ಸೇರಿ 250 ವಾಟ್ ಆಸುಪಾಸು ಎಳೆದರೆ ಒಳ್ಳೆಯ ಬ್ಯಾಟರಿಯ 1 ಕೆವಿಎ ಯುಪಿಎಸ್ ಹದಿನೈದು ನಿಮಿಷವಾದರೂ ತಡೆಯುತ್ತದೆ. ಜನರೇಟರ್ ಹಚ್ಚಲು ಅಷ್ಟು ಸಾಕು. ಹಿಂದಿನ ದಿನ ಮೇನ್ ಸ್ವಿಚ್ ಆರಿಸಿಯೇ ಪರೀಕ್ಷೆ ಮಾಡಿ. ಯುಪಿಎಸ್‌ನ ಹಸಿರು ದೀಪವನ್ನು ನಂಬಬೇಡಿ. ಹಳೆಯ ಬ್ಯಾಟರಿಯಾದರೂ ದೀಪ ಹಸಿರಾಗಿಯೇ ಉರಿಯುತ್ತಿರುತ್ತದೆ.

ನೇರಪ್ರಸಾರ ಮೊದಲ ಸಲವಾದರೆ ಯೂಟ್ಯೂಬ್ ಖಾತೆಯಲ್ಲಿ ಆ ಸೌಲಭ್ಯ ತೆರೆದುಕೊಳ್ಳಲು 24 ಗಂಟೆಯವರೆಗೂ ಹಿಡಿಯುತ್ತದೆ. ಮೊಬೈಲಿನಿಂದ ಪ್ರಸಾರ ಮಾಡಲು ಚಾನೆಲ್ಲಿಗೆ ಕನಿಷ್ಠ 50 ಚಂದಾದಾರರಿರಬೇಕು. ಕಾರ್ಯಕ್ರಮದ ದಿನ ಬೆಳಿಗ್ಗೆ ಶುರು ಮಾಡಿದವರು ಇಲ್ಲೇ ಸಿಕ್ಕಿಬೀಳುವುದು. 720ಪಿ ಗುಣಮಟ್ಟಕ್ಕೆ ಅಪ್‌ಲೋಡ್ ವೇಗ 5 ಎಂಬಿಪಿಎಸ್ ಸ್ಥಿರವಾಗಿರಲಿ. ವೈಫೈ ಬೇಡ, ಸಭಿಕರ ಫೋನುಗಳೆಲ್ಲ ಅದನ್ನೇ ಹಂಚಿಕೊಳ್ಳುತ್ತವೆ, ರೂಟರಿನಿಂದ ಕೇಬಲ್ಲೇ ಎಳೆಯಿರಿ. ಧ್ವನಿಯನ್ನು ಮಿಕ್ಸರಿನಿಂದ ನೇರವಾಗಿ ತೆಗೆದುಕೊಳ್ಳಿ. ಹಿಂದಿನ ಸಾಲಿನಲ್ಲಿಟ್ಟ ಫೋನು ಹಿಡಿಯುವುದು ಲೇಖಕರ ಮಾತನ್ನಲ್ಲ, ಕೋಣೆಯ ಮಾರ್ದನಿಯನ್ನು. ಇನ್ನೊಂದು ಮಾತು: ಶುರುವಾಗುವ ಮುನ್ನ ಸಭಾಂಗಣದಲ್ಲಿ ಸಿನಿಮಾ ಹಾಡು ಹಾಕಿದ್ದರೆ ಪ್ರಸಾರ ಆರಂಭಿಸುವ ಮೊದಲೇ ನಿಲ್ಲಿಸಿ. ಇಲ್ಲದಿದ್ದರೆ ಹಾಡಿನ ಹಕ್ಕುದಾರರ ತಕರಾರು ಬಂದು ಇಡೀ ವಿಡಿಯೊ ತಡೆಹಿಡಿಯಬಹುದು.

ತೆಲುಗು ಲೇಖಕರೊಬ್ಬರನ್ನು ಕರೆಯಬೇಕೆಂದಿದ್ದೇವೆ. ಅನುವಾದಕರನ್ನು ಪಕ್ಕದಲ್ಲಿ ನಿಲ್ಲಿಸಬೇಕೇ?
— ಉಪನ್ಯಾಸಕರು, ಸಿಂಧನೂರು

ಮಾತಿಗೊಮ್ಮೆ ಅನುವಾದವಾದರೆ 40 ನಿಮಿಷದ ಮಾತು 80 ಆಗುತ್ತದೆ, ಎರಡು ಭಾಷೆಯೂ ಬಲ್ಲವರು ಅರ್ಧ ಹೊತ್ತು ಸುಮ್ಮನೆ ಕೂರಬೇಕಾಗುತ್ತದೆ. ನಿಮ್ಮ ಕಡೆ ಅಂಥವರೇ ಹೆಚ್ಚು. ಮಾತಿನ ಸಾರವನ್ನು ಲೇಖಕರಿಂದ ಹತ್ತು ದಿನ ಮುಂಚೆ ತರಿಸಿಕೊಂಡು, ಕನ್ನಡದಲ್ಲಿ ಒಂದು ಹಾಳೆ ಅಚ್ಚು ಮಾಡಿ ಬಾಗಿಲಲ್ಲೇ ಕೊಡಿ. ಮೂಲದಿಂದ ಓದುವ ಭಾಗದ ಕನ್ನಡ ಅನುವಾದವನ್ನು ಮೊದಲು ವಿದ್ಯಾರ್ಥಿಯೊಬ್ಬರು ಓದಲಿ, ಆಮೇಲೆ ಲೇಖಕರು ತೆಲುಗಿನಲ್ಲಿ ಓದಲಿ. ಈ ಸರದಿ ಮುಖ್ಯ, ಅರ್ಥ ತಿಳಿದ ಮೇಲೆ ನಾದ ಕೇಳಿಸುತ್ತದೆ. ಅನುವಾದಕರು ಸಂವಾದದ ಹೊತ್ತಿಗೆ ಸಾಕು. ಅವರಿಗೆ ನೋಟ್‌ಬುಕ್ಕು, ಪೆನ್ನು ಕೊಟ್ಟು, ಮೂರು ನಾಲ್ಕು ವಾಕ್ಯಕ್ಕೊಮ್ಮೆ ನಿಲ್ಲುವಂತೆ ಲೇಖಕರಿಗೆ ಮೊದಲೇ ಹೇಳಿರಿ.

ನಾನು ನಿವೃತ್ತ ಶಿಕ್ಷಕ. ವಿಶ್ವವಿದ್ಯಾಲಯದ ಉಪನ್ಯಾಸಗಳಿಗೆ ಹೊರಗಿನವರು ಹೋಗಬಹುದೇ? ನಮ್ಮ ಜಿಲ್ಲೆಯ ವಿಷಯಗಳನ್ನು ಸೂಚಿಸಬಹುದೇ?
— ಕೊಪ್ಪಳ

ಸಾರ್ವಜನಿಕ ಉಪನ್ಯಾಸ ಎಂದು ಪ್ರಕಟಿಸಿದ್ದರೆ ಧಾರಾಳವಾಗಿ ಹೋಗಿ, ಸರ್. ಗೇಟಿನಲ್ಲಿ ತೋರಿಸಲು ಗುರುತಿನ ಚೀಟಿ ಇಟ್ಟುಕೊಳ್ಳಿ. ಉಪನ್ಯಾಸಕ್ಕೆ ಪ್ರವೇಶ ಸಿಕ್ಕಿತೆಂದರೆ ಪುಸ್ತಕದ ಸಾಲ ಸಿಗುತ್ತದೆಂದಲ್ಲ. ಅದಕ್ಕೆ ಬೇರೆ ಸದಸ್ಯತ್ವ ಬೇಕು, ಹೊರಗಿನವರಿಗೆ ಬಹುಮಟ್ಟಿಗೆ ಅಲ್ಲೇ ಕೂತು ಓದುವ ಅನುಮತಿ ಮಾತ್ರ. ಮನೆಗೆ ಒಯ್ಯಲು ಜಿಲ್ಲಾ ಕೇಂದ್ರ ಗ್ರಂಥಾಲಯವೇ ಸರಿ. ಸಭಾಂಗಣ ಮಹಡಿಯ ಮೇಲಿದ್ದು ಮೆಟ್ಟಿಲು ಕಷ್ಟವಾದರೆ ಒಂದು ದಿನ ಮುಂಚೆ ತಿಳಿಸಿ; ನೆಲಮಹಡಿಗೆ ಬದಲಿಸಿಕೊಡುವುದು ಗ್ರಂಥಾಲಯಕ್ಕೆ ದೊಡ್ಡ ಕೆಲಸವಲ್ಲ.

ವಿಷಯಗಳಿಗೆ ನಿಮ್ಮ ಜಿಲ್ಲೆಯಲ್ಲಿ ಬರವೇ? ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದಲೇ, ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದು ಗಟ್ಟಿಯಾಯಿತು. ಬಳ್ಳಾರಿಯ ಪಕ್ಕದ ಸಂಗನಕಲ್ಲು ನವಶಿಲಾಯುಗದ ನೆಲೆ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ್ದು, ರಾಯಚೂರು, ಕೊಪ್ಪಳ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ತುಂಗಭದ್ರೆಯ ನೀರು ಬಂದ ಮೇಲೆ ಜೋಳದ ಹೊಲ ಭತ್ತದ ಗದ್ದೆಯಾದದ್ದು: ಒಂದೊಂದೂ ಒಂದು ಸಂಜೆಗೆ ತಕ್ಕ ವಿಷಯ. ಸೂಚಿಸುವಾಗ ವಿಷಯದ ಹೆಸರು ಮಾತ್ರ ಬರೆಯದೆ, ಆ ಬಗ್ಗೆ ಗ್ರಂಥಾಲಯದಲ್ಲಿರುವ ಎರಡು ಪುಸ್ತಕಗಳ ಹೆಸರನ್ನೂ ಬರೆಯಿರಿ. ಅಂಥ ಪತ್ರವನ್ನು ಗ್ರಂಥಪಾಲಕರು ಕಡತದಲ್ಲಿ ಮುಂದಕ್ಕೆ ಕಳಿಸಲು ಸುಲಭ.

ಗೌರವಧನ ಎಷ್ಟು ಕೊಡಬೇಕು, ಪುಸ್ತಕ ಮಾರಾಟ ಹೇಗೆ?
— ಕುಷ್ಟಗಿ

ಮೊತ್ತ ನಿಮ್ಮ ಸಂಸ್ಥೆಯ ನಿಯಮದಂತೆ. ಆದರೆ ಎಷ್ಟು ಎಂಬುದನ್ನು ಆಹ್ವಾನದ ಮೊದಲ ಪತ್ರದಲ್ಲೇ ಬರೆಯಿರಿ. ಅದನ್ನು ಕೇಳುವ ಮುಜುಗರವನ್ನು ಲೇಖಕರ ಮೇಲೆ ಹೊರಿಸಬಾರದು. ದಿನಾಂಕ, ಅವಧಿ, ಕೇಳುಗರು ಯಾರು, ಯಾವ ರೈಲಿನ ಯಾವ ದರ್ಜೆ, ಉಳಿಯುವುದು ಎಲ್ಲಿ, ರೆಕಾರ್ಡ್ ಮಾಡುತ್ತೀರೋ ಇಲ್ಲವೋ ಎಲ್ಲವೂ ಅದರಲ್ಲಿರಲಿ. ಹಣ ತಡವಾಗಲು ಮುಖ್ಯ ಕಾರಣ ದಾಖಲೆಯ ಕೊರತೆ: ಪ್ಯಾನ್, ಬ್ಯಾಂಕ್ ಖಾತೆಯ ವಿವರ, ಪ್ರಯಾಣದ ಟಿಕೆಟ್, ಸಹಿ ಮಾಡಿದ ರಸೀದಿ. ಇವನ್ನು ಲೇಖಕರು ಹೊರಡುವ ಮುನ್ನವೇ ಪಡೆದುಕೊಳ್ಳಿ, ಮಂಜೂರಾತಿಯನ್ನು ಒಂದು ತಿಂಗಳು ಮುಂಚೆ ಮಾಡಿಸಿಡಿ.

ಮಾರಾಟದ ಹಣ ಗ್ರಂಥಾಲಯದ ಕೈಗೆ ಬರಬಾರದು. ಪ್ರಕಾಶಕರೇ ಪುಸ್ತಕ ತಂದು, ತಮ್ಮದೇ ಯುಪಿಐ ಫಲಕ ಇಟ್ಟು, ತಮ್ಮದೇ ಬಿಲ್ಲು ಕೊಡಲಿ. ಉಳಿದದ್ದನ್ನು ಅವರೇ ಒಯ್ಯುತ್ತಾರೆ. ನೂರು ಮಂದಿಯ ಸಭೆಗೆ 30 ಪ್ರತಿ ಸಾಕು. ಸಹಿಯ ಮೇಜನ್ನು ವೇದಿಕೆಯ ಪಕ್ಕ ಇಡಬೇಡಿ, ಹೊರಬಾಗಿಲ ಹತ್ತಿರ ಇಡಿ. ಚಹಾ, ಒಗ್ಗರಣೆ-ಮಿರ್ಚಿ ಅದಕ್ಕೂ ಆಚೆ, ವರಾಂಡದಲ್ಲಿ. ಎಣ್ಣೆಗೈ ಪುಸ್ತಕಕ್ಕೆ ತಾಗದಂತೆ ಪಕ್ಕದಲ್ಲಿ ಕಾಗದದ ಕರವಸ್ತ್ರ, ಕೈ ತೊಳೆಯಲು ನೀರು.

ನಮ್ಮಲ್ಲಿ ಐದು ವರ್ಷದ ಉಪನ್ಯಾಸಗಳ ರೆಕಾರ್ಡಿಂಗ್ ಒಂದು ಹಾರ್ಡ್‌ಡಿಸ್ಕಿನಲ್ಲಿವೆ. ಯಾರೂ ಕೇಳುವುದಿಲ್ಲ. ಜಾಲತಾಣಕ್ಕೆ ಹಾಕಬಹುದೇ?
— ಗ್ರಂಥಪಾಲಕಿ, ಗಂಗಾವತಿ

ಹಾಕುವ ಮುನ್ನ ಅನುಮತಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾರ್ವಜನಿಕವಾಗಿ ಮಾಡಿದ ಭಾಷಣದ ಮೊದಲ ಹಕ್ಕುದಾರರು ಭಾಷಣ ಮಾಡಿದವರೇ, ಏರ್ಪಡಿಸಿದವರಲ್ಲ. ಉಪನ್ಯಾಸ ಕೊಡುವವರನ್ನು ಅದೇ ಕಾಯ್ದೆ ಪ್ರದರ್ಶಕರ ಸಾಲಿನಲ್ಲೂ ಸೇರಿಸಿದೆ. ಆದ್ದರಿಂದ ಐದು ಸಾಲಿನ ಒಪ್ಪಿಗೆ ಪತ್ರ ಸಾಕು: ರೆಕಾರ್ಡ್ ಮಾಡಬಹುದೇ, ಗ್ರಂಥಾಲಯದೊಳಗೆ ಮಾತ್ರವೋ ಯೂಟ್ಯೂಬಿಗೂ ಹಾಕಬಹುದೋ, ತುಣುಕು ಬಳಸಬಹುದೇ, ಬರಹರೂಪದಲ್ಲಿ ಅಚ್ಚು ಹಾಕಬಹುದೇ, ಯಾವ ದಿನಾಂಕದಿಂದ. ಹಳೆಯವುಗಳಿಗೆ ಈಗ ಪತ್ರ ಬರೆದು ಕೇಳಿ. ಮಾತಿನ ನಡುವೆ ಬೇರೆ ಕವಿಯ ಇಡೀ ಕವಿತೆ ಓದಿದ್ದರೆ ಅದಕ್ಕೆ ಪ್ರತ್ಯೇಕ ಅನುಮತಿ ಬೇಕಾಗುತ್ತದೆ.

ಒಂದೇ ಹಾರ್ಡ್‌ಡಿಸ್ಕ್ ಎಂದರೆ ಇಲ್ಲವೆಂದೇ ಲೆಕ್ಕ, ಅಮ್ಮ. ಇವತ್ತೇ ಇನ್ನೆರಡು ಪ್ರತಿ ಮಾಡಿಸಿ, ಒಂದನ್ನು ಬೇರೆ ಕಟ್ಟಡದಲ್ಲಿಡಿ. ಇನ್ನು ಮುಂದೆ ಧ್ವನಿಯ ಮೂಲಪ್ರತಿಯನ್ನು ವೇವ್ (ಸದ್ದನ್ನು ಕುಗ್ಗಿಸದೆ ಇಡುವ .wav ಕಡತ) ರೂಪದಲ್ಲಿ ಇಡಿ. 48 ಕಿಲೋಹರ್ಟ್ಸ್, 24 ಬಿಟ್, ಒಂದೇ ಚಾನೆಲ್ ಆದರೆ ಗಂಟೆಗೆ ಸುಮಾರು 520 ಎಂಬಿ. ಈಗಿನ ಡಿಸ್ಕುಗಳಿಗೆ ಅದು ಭಾರವಲ್ಲ. ಕೇಳುಗರಿಗೆ ಎಂಪಿ3 ಪ್ರತಿ.

ಯಾರೂ ಕೇಳದಿರುವುದಕ್ಕೆ ಕಾರಣ, ಅವು ಕ್ಯಾಟಲಾಗಿನಲ್ಲಿ ಇಲ್ಲದಿರುವುದು. ನೀವು ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುವುದಾದರೆ ಪ್ರತಿ ಉಪನ್ಯಾಸಕ್ಕೂ ಒಂದು ದಾಖಲೆ ಮಾಡಿ: ಮಾರ್ಕ್ (ಕ್ಯಾಟಲಾಗ್ ದಾಖಲೆಯ ಅಂಕಿ ಹಾಕಿದ ಅಂಕಣಗಳ ಪದ್ಧತಿ) 511ರಲ್ಲಿ ಮಾತಾಡಿದವರು, 518ರಲ್ಲಿ ದಿನಾಂಕ ಮತ್ತು ಸ್ಥಳ, 856ರಲ್ಲಿ ಕೊಂಡಿ. ಅಷ್ಟಕ್ಕೇ ನಿಲ್ಲಬೇಡಿ. ಅದೇ ಕೊಂಡಿಯನ್ನು ಆ ಲೇಖಕರ ಪುಸ್ತಕದ ದಾಖಲೆಯ 856ರಲ್ಲೂ ಹಾಕಿ. ಪುಸ್ತಕ ಹುಡುಕಿ ಬಂದವರಿಗೆ ಮಾತು ಸಿಗುವುದು ಹಾಗೆ. ಶೀರ್ಷಿಕೆಗಳನ್ನು ಯೂನಿಕೋಡಿನಲ್ಲೇ ಬೆರಳಚ್ಚು ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾಗಿದ್ದರೆ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ, ಹುಡುಕಿದರೆ ಸಿಗದು. ಕಾವ್ಯನಾಮಗಳಿಗೆ ಅಥಾರಿಟಿ ದಾಖಲೆಯ (ಒಬ್ಬರ ಹೆಸರಿನ ಬೇರೆ ಬೇರೆ ರೂಪಗಳನ್ನು ಒಂದೆಡೆ ಕೂಡಿಸುವ ದಾಖಲೆಯ) 400ರಲ್ಲಿ ಅಡ್ಡಸೂಚನೆ ಕೊಡಿ; ‘ಕಾವ್ಯಾನಂದ’ ಎಂದು ಹುಡುಕಿದವರು ನಿಮ್ಮ ಜಿಲ್ಲೆಯವರೇ ಆದ ಸಿದ್ಧಯ್ಯ ಪುರಾಣಿಕರನ್ನು ತಲುಪಬೇಕು.

ಮಾತನ್ನು ಬರಹಕ್ಕಿಳಿಸುವುದು ಇನ್ನೂ ಒಳ್ಳೆಯದು. ಗ್ರಾಮಾಂತರದಲ್ಲಿ ಕೊಡಿಸಿದ ಉಪನ್ಯಾಸಗಳನ್ನು ಜೇಬಿಗೆ ಹಿಡಿಯುವ ಪುಸ್ತಕಗಳಾಗಿ ತಂದ ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸ ಮಾಲೆಯ ದಾರಿ ನಮ್ಮ ಮುಂದಿದೆ. ಹತ್ತು ನಿಮಿಷದ ಮಾತು ಬರೆದುಕೊಳ್ಳಲು ಒಂದು ಗಂಟೆ ಬೇಕಾಗುತ್ತದೆ. ನಲವತ್ತು ನಿಮಿಷದ ಮಾತು ಡೆಮಿಯ ಒಂದು ಫಾರಂ, ಅಂದರೆ 16 ಪುಟಕ್ಕೆ ಹೆಚ್ಚುಕಡಿಮೆ ಹಿಡಿಯುತ್ತದೆ. ಅಚ್ಚಿಗೆ ಮುನ್ನ ಲೇಖಕರು ಒಮ್ಮೆ ತಿದ್ದಿಕೊಡಲಿ.

ಕೊನೆಯದಾಗಿ ಒಂದು ಕೆಲಸ. ಪುಸ್ತಕದ ಹಿಂಬದಿ ರಟ್ಟಿನ ಒಳಗೆ, ದಿನಾಂಕ ಒತ್ತುವ ಚೀಟಿಯ ಪಕ್ಕದಲ್ಲಿ, ರೆಕಾರ್ಡಿಂಗಿನ ಕ್ಯೂಆರ್ ಚಿತ್ರವೊಂದನ್ನು ಎರಡೂವರೆ ಸೆಂಟಿಮೀಟರ್ ಅಳತೆಯಲ್ಲಿ ಅಂಟಿಸಿ. ಉಪನ್ಯಾಸದ ಹಿಂದಿನ ಮೂರು ತಿಂಗಳಲ್ಲಿ ಆ ಲೇಖಕರ ಪುಸ್ತಕಗಳು ಎಷ್ಟು ಸಲ ಹೊರಹೋಗಿದ್ದವು, ಮುಂದಿನ ಮೂರು ತಿಂಗಳಲ್ಲಿ ಎಷ್ಟು ಎಂದು ಕೋಹಾದ ವರದಿಯಲ್ಲಿ ತೆಗೆದು ನೋಡಿ. ಸಂಖ್ಯೆ ಏರದಿದ್ದರೆ ಕಾಯ್ದಿರಿಸಿದವರ ಪಟ್ಟಿಯನ್ನೂ ನೋಡಿ: ಐದು ಮಂದಿ ಸರದಿಯಲ್ಲಿದ್ದು ಇರುವುದು ಒಂದೇ ಪ್ರತಿಯಾದರೆ, ಎರಡನೆಯ ಪ್ರತಿಗೆ ಅಂದೇ ಬೇಡಿಕೆ ಕಳಿಸಿ.